ಎರೆ ಮಣ್ಣಿನ ಮೈದಾನದಲ್ಲಿ ಫುಟ್‌ಬಾಲ್ ತಂಡ: ಶಹಾಪುರದ ಸರ್ ಅವರ ಪ್ರಶ್ನೆಗೆ ಉತ್ತರ

ಶರಣು ಸರ್. ಶಹಾಪುರ ತಾಲ್ಲೂಕಿನ ನಿಮ್ಮ ಪ್ರೌಢಶಾಲೆಯಲ್ಲಿ ಈ ಜೂನ್‌ನಿಂದ ಫುಟ್‌ಬಾಲ್ ತಂಡ ಕಟ್ಟಬೇಕೆಂದಿದ್ದೀರಿ. ಮೈದಾನ ಪೂರ್ತಿ ಎರೆ ಮಣ್ಣಿನದು (ಕಪ್ಪು ಮಣ್ಣು), ಹುಡುಗರು 16 ಮಂದಿ, ಚೆಂಡು 2, ಬೂಟು ಇರುವವರು 3 ಮಂದಿ ಮಾತ್ರ ಎಂದು ಬರೆದಿದ್ದೀರಿ. ಚಿತ್ತಾಪುರ ತಾಲ್ಲೂಕಿನ ನಮ್ಮ ಹುಡುಗರು ಎರಡು ವರ್ಷದ ಹಿಂದೆ ವಿಭಾಗ ಮಟ್ಟದವರೆಗೆ ಹೋದದ್ದು ಯಾವ ತರಬೇತಿಯಿಂದ ಎಂದೂ ಕೇಳಿದ್ದೀರಿ. ಆ ವರ್ಷದ ನನ್ನ ದಿನಚರಿಯನ್ನು ತೆಗೆದು ನೋಡಿದರೆ ಆಟದ ತಂತ್ರದ ಬಗ್ಗೆ ಬರೆದ ಪುಟಗಳು ಬಹಳ ಕಡಿಮೆ ಇವೆ. ನೆಲಕ್ಕೆ ಹಾಕುವ ಮುರುಮ್ (ಗರಸು ಮಣ್ಣು) ಎಷ್ಟು ಟ್ರ್ಯಾಲಿ ಬಂತು, ಇಂದು ಯಾರು ಬರಲಿಲ್ಲ, ಏಕೆ ಬರಲಿಲ್ಲ, ಯಾರು ಏನು ತಿಂದು ಬಂದಿದ್ದರು, ಇಂಥವೇ ಹೆಚ್ಚು. ಹುಡುಗರು ದಿನವೂ ಮೈದಾನಕ್ಕೆ ಬರುವಂತೆ ಮತ್ತು ಬಂದವರ ಕಾಲಿಗೆ ಚೆಂಡು ಸಿಗುವಂತೆ ಮಾಡಿದ್ದನ್ನು ಬಿಟ್ಟರೆ ನಾನು ಹೆಚ್ಚೇನೂ ಮಾಡಿಲ್ಲವಾದ್ದರಿಂದ ಅದನ್ನೇ ವಿವರವಾಗಿ ಬರೆಯುತ್ತೇನೆ.

ಮೊದಲು ನೆಲದ ವಿಷಯ. ನಮ್ಮ ಶಾಲೆಯ ಹಿಂದಿನ ಮೈದಾನವೂ ನಿಮ್ಮದರಂತೆ ಎರೆಯೇ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮೃಗಶಿರಾ ಮಳೆ ಬಿದ್ದ ಮರುದಿನ ಕಾಲಿಗೆ ಅಂಟಿ ಹೆಜ್ಜೆ ಕೀಳಲು ಬಿಡದ ಕೆಸರು. ಈ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಆದುದರಿಂದ ಬಿರುಕಿಗೆ ಅದೇ ಮಣ್ಣನ್ನು ತುಂಬಿ ಸಮ ಮಾಡಿದವರು ಮುಂದಿನ ಬೇಸಿಗೆಯಲ್ಲಿ ಅದೇ ಬಿರುಕನ್ನು ಮತ್ತೆ ನೋಡುತ್ತಾರೆ. ಇಡೀ ಮೈದಾನಕ್ಕೆ ಮುರುಮ್ ಹಾಕಿಸುತ್ತೇನೆಂದು ಹೊರಡಬೇಡಿ. ನಿಯಮದಲ್ಲಿರುವ ಅತಿ ಚಿಕ್ಕ ಅಳತೆ 90 ಮೀಟರ್ ಉದ್ದ, 45 ಮೀಟರ್ ಅಗಲ. ಅಷ್ಟಕ್ಕೆ 10 ಸೆಂಟಿಮೀಟರ್ ದಪ್ಪ ಹಾಕಲು 400 ಘನ ಮೀಟರ್ ದಾಟುತ್ತದೆ, ಟ್ರ್ಯಾಲಿಗೆ 3 ಘನ ಮೀಟರ್ ಎಂದು ಹಿಡಿದರೂ 135 ಟ್ರ್ಯಾಲಿ ಬೇಕು. ನಾವು ಒಂದು ಮೂಲೆಯಲ್ಲಿ 30 ಮೀಟರ್ ಉದ್ದ, 20 ಮೀಟರ್ ಅಗಲದ ಪಟ್ಟಿಯನ್ನು ಮಾತ್ರ ಆರಿಸಿಕೊಂಡೆವು. ಅದಕ್ಕೆ ಬೇಕಾದದ್ದು 20 ಟ್ರ್ಯಾಲಿ. ಪಂಚಾಯಿತಿಯವರ ಅನುಮತಿ ಪಡೆದ ಮೇಲೆ ಊರಿನ ಮೂವರು ಟ್ರ್ಯಾಕ್ಟರ್ ಮಾಲೀಕರು ಡೀಸೆಲ್ ಖರ್ಚಿಗೆ ಒಪ್ಪಿ ನಾಲ್ಕು ದಿನಗಳಲ್ಲಿ ತಂದು ಸುರಿದರು. ಪಟ್ಟಿಯ ನಡುಭಾಗವನ್ನು ಅಂಚಿಗಿಂತ ಸುಮಾರು 10 ಸೆಂಟಿಮೀಟರ್ ಎತ್ತರವಿರಿಸಿ, ಎರಡೂ ಬದಿಗೆ ಮೊಳದಗಲದ ಕಾಲುವೆ ತೆಗೆದು, ನೀರು ಹೊಡೆದು ರೋಲರ್ ಎಳೆಸಿದೆವು. ಅಂದಿನಿಂದ ಮಳೆ ನಿಂತ ಎರಡು ತಾಸಿಗೆ ಆಡಲು ಬರುತ್ತಿತ್ತು. ಪಕ್ಕದ ಎರೆಯಲ್ಲಿ ಎರಡು ದಿನ ಕಾಯಬೇಕಾಗುತ್ತಿತ್ತು.

ನೆಲದ ಮಾತು ಮುಗಿಸುವ ಮುನ್ನ ನೆಗ್ಗಿಲ ಮುಳ್ಳಿನ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಮಳೆಗಾಲದಲ್ಲಿ ಹಳದಿ ಹೂ ಬಿಟ್ಟು ನೆಲಕ್ಕೆ ಹರಡಿಕೊಂಡಾಗಲೇ ಅದನ್ನು ಬೇರು ಸಹಿತ ಕೀಳಿಸಿ. ಕಾಯಿ ಬಲಿತು ಉದುರಿದ ಮೇಲೆ ವರ್ಷವಿಡೀ ಬರಿಗಾಲಿಗೂ ಚೆಂಡಿಗೂ ಅದರದೇ ಕಾಟ. ಮೊದಲ ತಿಂಗಳಲ್ಲಿ ನಮ್ಮ ಎರಡು ಚೆಂಡುಗಳು ಆರು ಸಲ ಪಂಕ್ಚರ್ ಆದವು, ಸೈಕಲ್ ಅಂಗಡಿಯವರು ಕೊನೆಗೆ ಹಣ ತೆಗೆದುಕೊಳ್ಳುವುದನ್ನೇ ಬಿಟ್ಟರು.

ಇನ್ನು ಹೊತ್ತು. ಇಲ್ಲಿ ನನ್ನದೇ ತಪ್ಪನ್ನು ಹೇಳಿಕೊಳ್ಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ಕ್ಕೆ ತರುವ ಸೀಮೆ ನಮ್ಮದು ಎಂದು ಗೊತ್ತಿದ್ದರೂ, ಶಾಲೆ ಶುರುವಾದ ಜೂನ್ ಎರಡನೆಯ ವಾರದಲ್ಲಿ, ಇನ್ನೂ ಮಳೆ ಹಿಡಿಯದಿದ್ದಾಗ, ಸಂಜೆಯವರೆಗೆ ಕಾಯದೆ ಮಧ್ಯಾಹ್ನ ಮೂರೂವರೆಗೆ ಹುಡುಗರನ್ನು ಓಡಿಸಿದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಐದನೆಯ ಸುತ್ತಿನಲ್ಲಿ ಕಾಲು ಮಡಿಚಿ ಕುಸಿದ. ಬೇವಿನ ನೆರಳಿಗೆ ಹೊತ್ತು ತಂದು, ಅಂಗಿ ಸಡಿಲಿಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕಿದ ಮೇಲೆ ಹತ್ತು ನಿಮಿಷದಲ್ಲಿ ಚೇತರಿಸಿಕೊಂಡನಾದರೂ ಆ ಹತ್ತು ನಿಮಿಷ ನನಗೆ ಇಂದಿಗೂ ನೆನಪಿದೆ. ಮಾತು ತೊದಲಿದರೆ, ಗೊಂದಲಗೊಂಡಂತೆ ಕಂಡರೆ ಅಥವಾ ಪ್ರಜ್ಞೆ ತಪ್ಪಿದರೆ ಕಾಯಬಾರದು, 108ಕ್ಕೆ ಕರೆ ಮಾಡಿ ಮೈಗೆ ನೀರು ಸುರಿಯುತ್ತಲೇ ಇರಬೇಕು. ಎಚ್ಚರವಿಲ್ಲದವನ ಬಾಯಿಗೆ ಮಾತ್ರ ನೀರು ಹಾಕಬಾರದು. ಆಮೇಲೆ ವಿಚಾರಿಸಿದಾಗ ಅವನು ಬೆಳಿಗ್ಗೆಯಿಂದ ಒಂದು ಕಪ್ ಚಹಾದ ಮೇಲೆಯೇ ಇದ್ದನೆಂದು ತಿಳಿಯಿತು.

ಮರುದಿನದಿಂದ ಅಭ್ಯಾಸವನ್ನು ಬೆಳಿಗ್ಗೆ 6.15ರಿಂದ 7.30ಕ್ಕೆ ಇಟ್ಟೆವು. ಪ್ರತಿ 15 ನಿಮಿಷಕ್ಕೊಮ್ಮೆ ನೀರು, ಆಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಜೊತೆಗೆ ಮನೆಯಿಂದ ತಂದ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ (ಚಟ್ನಿಪುಡಿ). ಬುತ್ತಿ ತರಲಾಗದವರಿಗೆ ಉಳಿದವರು ಹಂಚಿಕೊಳ್ಳಬೇಕು ಎಂಬ ಒಂದೇ ನಿಯಮ. ಪೇಟೆಯ ಬಣ್ಣದ ಪಾನೀಯಗಳಿಗೆ ಹಣ ಹಾಕಬೇಡಿ, ಸರ್. ತೀರ ಬಸವಳಿದವನಿಗೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಕೊಟ್ಟರೆ ಸಾಕು. ಇಲ್ಲಿ ಚಮಚವೆಂದರೆ ಚಹಾದ ಚಮಚ, ಉಪ್ಪು ಅದಕ್ಕಿಂತ ಹೆಚ್ಚಾಗಬಾರದು.

ಜುಲೈನಲ್ಲಿ ಕಲಬುರಗಿ ನಗರದ ಒಂದು ಶಾಲೆಯ ತಂಡದ ಜೊತೆ ಸೌಹಾರ್ದ ಪಂದ್ಯ ಆಡಿ 0-7ರಿಂದ ಸೋತೆವು. ಗೋಲು ಎಣಿಸಿ ಸಾಕಾದ ಮೇಲೆ ನಾನು ನಮ್ಮ ಫಾರ್ವರ್ಡ್ ಹುಡುಗನ ಕಾಲಿಗೆ ಚೆಂಡು ಎಷ್ಟು ಸಲ ಬರುತ್ತದೆ ಎಂದು ಎಣಿಸತೊಡಗಿದೆ. ದ್ವಿತೀಯಾರ್ಧದ 25 ನಿಮಿಷಗಳಲ್ಲಿ ಮೂರು ಸಲ. ಅಲ್ಲಿಯವರೆಗೆ ನಾವು ಅಭ್ಯಾಸದಲ್ಲಿಯೂ 16 ಮಂದಿಯನ್ನು ಎರಡು ಪಾಲು ಮಾಡಿ ದೊಡ್ಡ ಮೈದಾನದಲ್ಲಿ ಒಂದೇ ಚೆಂಡಿನ ಹಿಂದೆ ಬಿಡುತ್ತಿದ್ದೆವು. ಬಲವಿದ್ದ ನಾಲ್ವರು ಆಡುತ್ತಿದ್ದರು, ಉಳಿದವರು ಓಡುತ್ತಿದ್ದರು. ಮುಂದಿನ ವಾರದಿಂದ ಮುರುಮ್ ಪಟ್ಟಿಯನ್ನು ಸುಣ್ಣದ ಗೆರೆಯಿಂದ 20 ಮೀಟರ್‌ಗೆ 15 ಮೀಟರ್‌ನ ಎರಡು ಅಂಕಣಗಳಾಗಿ ಒಡೆದು, ಒಂದೊಂದರಲ್ಲಿ ನಾಲ್ವರ ಎದುರು ನಾಲ್ವರನ್ನು ನಿಲ್ಲಿಸಿದೆ. ಗೋಲುಕೀಪರ್ ಇಲ್ಲ, ಚಪ್ಪಲಿಗಳೇ ಗೋಲುಕಂಬ. ಅದೇ ಹುಡುಗ 10 ನಿಮಿಷದಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಚೆಂಡು ಮುಟ್ಟಿದ್ದನ್ನು ಎಣಿಸಿದೆ. ನಿಮ್ಮಲ್ಲಿಯೂ 16 ಹುಡುಗರು, 2 ಚೆಂಡು; ಇದಕ್ಕೆ ಹೇಳಿ ಮಾಡಿಸಿದ ಲೆಕ್ಕ. ವಾರದ ಐದು ದಿನಗಳಲ್ಲಿ ನಾಲ್ಕು ದಿನ ಇದನ್ನೇ ಆಡಿಸಿ, ಶನಿವಾರ ಮಾತ್ರ ದೊಡ್ಡ ಮೈದಾನಕ್ಕೆ ಇಳಿಸಿ.

ಇದರೊಳಗೆ ಗುರುವಾರದ ಆಟ ಎಡಗಾಲಿನದು. ಬಲಗಾಲು ತಾಗಿದರೆ ಚೆಂಡು ಎದುರಾಳಿಗೆ. ಈ ಉಪಾಯ ನನ್ನದಲ್ಲ. ನಮ್ಮೂರಿನ ನಿವೃತ್ತ ಮಾಸ್ತರರೊಬ್ಬರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರ ಪದ್ಧತಿಯೆಂದು ಹೇಳಿಕೊಟ್ಟದ್ದು. 1956ರ ನವೆಂಬರ್‌ವರೆಗೆ ಕಲಬುರಗಿ, ಬೀದರ್ ಎರಡೂ ಹೈದರಾಬಾದ್ ರಾಜ್ಯದಲ್ಲಿದ್ದವಾದ್ದರಿಂದ ಆ ಕಾಲದ ಹಿರಿಯರಿಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡ ಊರಿನ ತಂಡವಿದ್ದಂತೆ. 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಯ ರೋವರ್ಸ್ ಕಪ್ ಪಂದ್ಯಾವಳಿ ಗೆದ್ದ ಆ ತಂಡವನ್ನೂ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ, 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡಗಳನ್ನೂ ಪಳಗಿಸಿದ ರಹೀಂ ಮೂಲತಃ ಶಾಲಾ ಮಾಸ್ತರರು. ದುರ್ಬಲ ಕಾಲಿನಿಂದಷ್ಟೇ ಆಡುವ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರಂತೆ. ಹುಡುಗರಿಗೆ ಈ ಕಥೆ ಹೇಳಿದ ದಿನದಿಂದ ಗುರುವಾರ ಗೈರುಹಾಜರಿ ನಿಂತಿತು. ಆಟಗಾರರನ್ನು ಹಿಂದೆ, ನಡುವೆ, ಮುಂದೆ ನಿಲ್ಲಿಸುವ ಕ್ರಮದಲ್ಲಿ 4-4-2 ಆಡಿಸಬೇಕೋ 4-3-3 ಆಡಿಸಬೇಕೋ ಎಂದು ನೀವು ಕೇಳಿದ್ದೀರಿ. ಎರಡೂ ಕಾಲಿನಿಂದ 15 ಮೀಟರ್ ದೂರಕ್ಕೆ ನೇರವಾಗಿ ಪಾಸ್ ಕೊಡುವ ಎಂಟು ಮಂದಿ ತಯಾರಾಗುವವರೆಗೆ ಆ ಪ್ರಶ್ನೆಯನ್ನು ಬದಿಗಿಡಿ ಎಂಬುದು ನನ್ನ ಅಭಿಪ್ರಾಯ.

ನಿಮಗೆ ಅತಿ ದೊಡ್ಡ ತೊಡಕು ಬರುವುದು ಆಗಸ್ಟ್ ಕೊನೆಗೆ. ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರವಾಗುವ ಹೊತ್ತಿಗೇ ನಮ್ಮಲ್ಲಿ ಹೆಸರುಕಾಳಿನ ಬೆಳೆ ರಾಶಿಗೆ ಬರುತ್ತದೆ. ಕಾಯಿ ಕಪ್ಪಾದ ಮೇಲೆ ಮಳೆ ಹಿಡಿದರೆ ಹೊಲದಲ್ಲಿಯೇ ಮೊಳಕೆ ಒಡೆಯುವುದರಿಂದ ಯಾವ ತಂದೆಯೂ ಮಗನನ್ನು ಚೆಂಡಾಟಕ್ಕೆ ಕಳುಹಿಸಲಾರ, ಕಳುಹಿಸಬೇಕೆಂದು ಕೇಳುವುದೂ ನ್ಯಾಯವಲ್ಲ. ಆ ವಾರ ನಮ್ಮ 16ರಲ್ಲಿ 7 ಮಂದಿ ಬರಲಿಲ್ಲ, ಗೋಲುಕೀಪರ್ ಸಹ. ಅವನ ತಂದೆಯನ್ನು ಮಾತನಾಡಿಸಲು ಹೊಲಕ್ಕೇ ಹೋದಾಗ ಅವರು ಸಿಟ್ಟಾಗದೆ, "ಮಾಸ್ತರ್, ಮೂರು ಎಕರೆ ಐತಿ, ಆಳು ಸಿಗವಲ್ರು, ನೀವ ಹೇಳ್ರಿ ಏನ್ ಮಾಡ್ಲಿ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಭಾನುವಾರ ಬೆಳಿಗ್ಗೆ ಬರಬಲ್ಲ ಒಂಬತ್ತು ಹುಡುಗರು, ನಾನು, ನಮ್ಮ ಗಣಿತದ ಮಾಸ್ತರರು ಸೇರಿ ಆ ಹೊಲಕ್ಕೆ ಹೋಗಿ ಹೆಸರಿನ ಕಾಯಿ ಬಿಡಿಸಿದೆವು. ಬಿಸಿಲೇರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಗಣಿತದ ಮಾಸ್ತರರ ಸೊಂಟ ಮಾತ್ರ ಒಂದು ವಾರ ನೆಟ್ಟಗಾಗಲಿಲ್ಲ. ಮಂಗಳವಾರ ಗೋಲುಕೀಪರ್ ಬಂದ, ಗುರುವಾರ ಉಳಿದವರಲ್ಲಿ ನಾಲ್ವರು ಬಂದರು, ಅವನ ತಂದೆ ತಾಲ್ಲೂಕು ಪಂದ್ಯ ನೋಡಲು ಬಂದು ಗೆರೆಯ ಪಕ್ಕದಲ್ಲಿ ನಿಂತು ನನಗಿಂತ ಜೋರಾಗಿ ಕೂಗಿದರು. ಈ ಕೆಲಸವನ್ನು ಎಲ್ಲ ಹೊಲಗಳಿಗೂ ಮಾಡಲಾಗದು, ನಿಜ. ಆದುದರಿಂದ ನೀವು ಜೂನ್‌ನಲ್ಲೇ ಯಾರ ಮನೆಯಲ್ಲಿ ಹೆಸರು, ಯಾರಲ್ಲಿ ಹತ್ತಿ, ಯಾರಲ್ಲಿ ತೊಗರಿ ಎಂದು ಬರೆದಿಟ್ಟುಕೊಳ್ಳಿ. ತೊಗರಿಯ ಮನೆಯ ಹುಡುಗರು ಡಿಸೆಂಬರ್‌ವರೆಗೆ ನಿಮ್ಮವರು. ಹೆಸರಿನ ಮನೆಯವನೊಬ್ಬ ಆಡುವ ಪ್ರತಿಯೊಂದು ಸ್ಥಾನಕ್ಕೂ ತೊಗರಿಯ ಮನೆಯವನೊಬ್ಬನನ್ನು ತಯಾರು ಮಾಡಿಟ್ಟುಕೊಂಡರೆ ಆ ವಾರ ದಾಟುತ್ತದೆ.

ಜೂನ್‌ನಲ್ಲೇ ಮಾಡಬೇಕಾದ ಇನ್ನೊಂದು ಕೆಲಸ ಕಾಗದಪತ್ರದ್ದು. ಆಧಾರ್‌ನಲ್ಲಿರುವ ಜನ್ಮದಿನಾಂಕ, ಶಾಲಾ ದಾಖಲಾತಿ ವಹಿಯಲ್ಲಿರುವುದು, ಜನನ ಪ್ರಮಾಣಪತ್ರದಲ್ಲಿರುವುದು ಮೂರೂ ಒಂದೇ ಇವೆಯೇ ಎಂದು ಒಬ್ಬೊಬ್ಬರದೂ ನೋಡಿ. ನಮ್ಮ ಅತ್ಯುತ್ತಮ ಹಾಫ್ ಆಟಗಾರನ ಎರಡು ದಾಖಲೆಗಳಲ್ಲಿ ಹತ್ತು ತಿಂಗಳ ಅಂತರವಿದ್ದುದು ಜಿಲ್ಲಾ ಮಟ್ಟದ ಹಿಂದಿನ ದಿನ ಗೊತ್ತಾಯಿತು. ಹುಡುಗ 17ರ ಒಳಗಿನವನೇ ಆಗಿದ್ದರೂ ಆಡಲಾಗಲಿಲ್ಲ; ನೀರಿನ ಕ್ಯಾನ್ ಹೊತ್ತು ತಂಡದ ಜೊತೆ ಬಂದ. ಆ ತಪ್ಪಿಗೆ ನಾನೇ ಹೊಣೆ.

ಜಿಲ್ಲಾ ಸೆಮಿಫೈನಲ್‌ನಲ್ಲಿ ನಮ್ಮನ್ನು ಗೆಲ್ಲಿಸಿದ್ದು ನಿಯಮದ ಪುಸ್ತಕ. ಥ್ರೋ ಇನ್‌ನಿಂದ (ಪಕ್ಕದ ಗೆರೆ ದಾಟಿದ ಚೆಂಡನ್ನು ಕೈಯಿಂದ ಒಳಗೆ ಎಸೆಯುವುದು) ನೇರವಾಗಿ ಚೆಂಡು ಪಡೆದವನಿಗೆ ಆಫ್‌ಸೈಡ್, ಅಂದರೆ ಎದುರಾಳಿ ಬ್ಯಾಕ್‌ಗಳ ಹಿಂದೆ ಮೊದಲೇ ನಿಂತು ಚೆಂಡು ಪಡೆಯುವ ತಪ್ಪು, ಅನ್ವಯವಾಗುವುದಿಲ್ಲ ಎಂಬುದು ಹಳೆಯ ನಿಯಮ, ಆದರೆ ಶಾಲಾ ಮಟ್ಟದಲ್ಲಿ ಹಲವರಿಗೆ ಇದು ನೆನಪಿರುವುದಿಲ್ಲ. ನಮ್ಮ ಬ್ಯಾಕ್ ಆಟಗಾರನೊಬ್ಬ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ತಂದೆಯ ಜೊತೆ ಕಲ್ಲು ಎತ್ತಿ ಪಳಗಿದವನು. ಅವನು ಎಸೆದ ಚೆಂಡು 20 ಮೀಟರ್ ದಾಟುತ್ತಿತ್ತು. ಮಳೆಯ ದಿನಗಳಲ್ಲಿ ತರಗತಿಯೊಳಗೆ ಕುಳಿತು ಕಪ್ಪು ಹಲಗೆಯ ಮೇಲೆ ಇದನ್ನು ಬಿಡಿಸಿ ತೋರಿಸಿದ್ದೆವು. ಕೊನೆಯ ಐದು ನಿಮಿಷವಿರುವಾಗ ಫಾರ್ವರ್ಡ್ ಹುಡುಗ ಎದುರಾಳಿ ಬ್ಯಾಕ್‌ಗಳ ಹಿಂದೆ ಒಬ್ಬನೇ ಹೋಗಿ ನಿಂತ, ಅವರು ಆಫ್‌ಸೈಡ್ ಎಂದು ಕೈ ಎತ್ತಿ ನಿಂತರು, ಚೆಂಡು ಅವನ ಎಡಗಾಲಿಗೆ ಬಂದು ಬಲೆಗೆ ಹೋಯಿತು. ರೆಫರಿ ಸರಿಯಾಗಿಯೇ ಗೋಲು ಕೊಟ್ಟರು. ಫೈನಲ್ ಗೆದ್ದದ್ದಕ್ಕಿಂತ ಆ ಗೋಲು ನಮ್ಮೂರಿನಲ್ಲಿ ಇಂದಿಗೂ ಹೆಚ್ಚು ಮಾತಿಗೆ ಬರುತ್ತದೆ. ಹಾಗೆಯೇ 2019ರಿಂದ ಗೋಲ್ ಕಿಕ್ ಆದ ಚೆಂಡನ್ನು ಪೆನಾಲ್ಟಿ ಆವರಣದ ಒಳಗೇ ನಮ್ಮವನು ಪಡೆಯಬಹುದು. ಗೋಲುಕೀಪರ್ ಕಾಲಿನಲ್ಲಿ ಬಲವಿಲ್ಲದ ತಂಡಕ್ಕೆ ಇದು ದೊಡ್ಡ ಅನುಕೂಲ.

ವಿಭಾಗ ಮಟ್ಟದಲ್ಲಿ ಬೀದರಿನಲ್ಲಿ 0-3ರಿಂದ ಸೋತೆವು. ಎದುರಾಳಿಗಳು ನಮಗಿಂತ ಉತ್ತಮರಾಗಿದ್ದರು, ಅದರಲ್ಲಿ ಸಂದೇಹವಿಲ್ಲ. ಆದರೆ ಮೊದಲ ಎರಡು ಗೋಲುಗಳು ಚೆಂಡು ಪುಟಿದ ರೀತಿಯಿಂದ ಆದವು. ಬೀದರಿನ ಕೆಂಪು ಗಟ್ಟಿ ನೆಲದಲ್ಲಿ ಚೆಂಡು ನಮ್ಮ ಹುಡುಗರು ಎಣಿಸಿದ್ದಕ್ಕಿಂತ ಒಂದು ಮೊಳ ಮೇಲೆ ಪುಟಿದು ಬ್ಯಾಕ್‌ಗಳ ತಲೆಯ ಮೇಲಿಂದ ಹೋಯಿತು. ಇಂಥ ಕೆಂಪು ಮಸಾರಿ ನೆಲವಿರುವ ಊರಿಗೆ ತಿಂಗಳಿಗೆ ಒಂದು ಸಲವಾದರೂ ಕರೆದೊಯ್ದು ಆಡಿಸಿದ್ದರೆ ಇದು ತಪ್ಪುತ್ತಿತ್ತು. ಗಾಳಿಯ ಒತ್ತಡದ ಕಡೆಗೂ ಗಮನವಿರಲಿ: 5ನೆಯ ಅಳತೆಯ ಚೆಂಡಿಗೆ 0.6ರಿಂದ 1.1 ವಾತಾವರಣ ಒತ್ತಡವೆಂದು ನಿಯಮ. ಮಾಪಕ ಇಲ್ಲದ ಸೈಕಲ್ ಪಂಪಿನಲ್ಲಿ ಕಲ್ಲಿನಂತಾಗುವವರೆಗೆ ತುಂಬಬೇಡಿ. ಸೂಜಿಯನ್ನು ಒದ್ದೆ ಮಾಡದೆ ಚುಚ್ಚಲೂಬೇಡಿ, ಕವಾಟ ಹರಿಯುತ್ತದೆ.

ಬೂಟಿನ ಬಗ್ಗೆ ಕೇಳಿದ್ದಿರಿ. ಸ್ಟಡ್ ಇರುವ ಬೂಟು ಒಣ ಎರೆಯಲ್ಲಿ ಅಂಗಾಲಿಗೆ ಬೊಬ್ಬೆ ಬರಿಸುತ್ತದೆ, ಹಸಿ ಎರೆಯಲ್ಲಿ ಮಣ್ಣಿನ ಉಂಡೆಯಾಗುತ್ತದೆ. ಮೊದಲ ವರ್ಷ ರಬ್ಬರ್ ಅಟ್ಟೆಯ ಕ್ಯಾನ್ವಾಸ್ ಸಾಕು, ಉಳಿದ ಹಣವನ್ನು ಮೂರನೆಯ ಚೆಂಡಿಗೆ ಮತ್ತು ಮೊಣಕಾಲ ಕೆಳಗಿನ ಪ್ಯಾಡಿಗೆ ಹಾಕಿ. ಗೋಲುಕಂಬವನ್ನು ಎರೆಯಲ್ಲಿ ಸುಮ್ಮನೆ ಹೂಳಿದರೆ ಎರಡು ಮಳೆಗೆ ವಾಲುತ್ತದೆ, ಕಾಂಕ್ರೀಟ್ ಬುಡ ಬೇಕು; ಎತ್ತಿಡುವ ಕಂಬಗಳಾದರೆ ಪ್ರತಿ ಸಲವೂ ಹಿಂದಿನಿಂದ ಬಿಗಿದು ಕಟ್ಟಿಸಿ, ಹುಡುಗರು ಅಡ್ಡಪಟ್ಟಿಗೆ ಜೋತುಬಿದ್ದು ಕಂಬ ಮೈಮೇಲೆ ಬಿದ್ದರೆ ಜೀವಕ್ಕೇ ಅಪಾಯ.

ಮುರುಮ್ ಮಾತ್ರ ಮೇ ಮುಗಿಯುವುದರೊಳಗೆ ಬೀಳಬೇಕು, ಮಳೆ ಬಂದ ಮೇಲೆ ಟ್ರ್ಯಾಕ್ಟರ್ ನಿಮ್ಮ ಮೈದಾನದೊಳಗೆ ಇಳಿಯುವುದಿಲ್ಲ. ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ ಮುಗಿಸಿಕೊಂಡು ತಂಡವನ್ನು ನಮ್ಮೂರಿಗೆ ಕರೆತನ್ನಿ, ಸಂಜೆ ಐದಕ್ಕೆ ಒಂದು ಪಂದ್ಯ ಆಡಿಸೋಣ. ಬರುವಾಗ ಒಂದು ಚೆಂಡು ಹಿಡಿದುಕೊಂಡೇ ಬನ್ನಿ, ನಮ್ಮ ಎರಡರಲ್ಲಿ ಒಂದು ಸದ್ಯ ಸೈಕಲ್ ಅಂಗಡಿಯಲ್ಲಿದೆ.