ಹೆಡ್ ಬಿರುಕು ಬಿಟ್ಟಿದೆ: ವೆಲ್ಡ್ ಮಾಡಿಸಲೇ, ಬೇರೆ ಹಾಕಿಸಲೇ?

ಪ್ರಶ್ನೆ: ತಂದೆಯವರ 1984ರ ಪ್ರೀಮಿಯರ್ ಪದ್ಮಿನಿ ಕಾರು ಈಗ ನನ್ನ ಬಳಿ ಇದೆ. ಕಳೆದ ತಿಂಗಳು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಕಾದು ನಿಂತುಹೋಯಿತು. ಬಿಚ್ಚಿದಾಗ, ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ಡಿನ ಅಡಿಯ ಗ್ಯಾಸ್ಕೆಟ್ (ಸೋರದಂತೆ ತಡೆಯುವ ತೆಳು ಹಾಳೆ) ಸುಟ್ಟಿತ್ತು. ಮೂರನೇ ಸಿಲಿಂಡರಿನ ಎರಡು ವಾಲ್ವ್ ಸೀಟುಗಳ (ವಾಲ್ವ್ ಬಂದು ಕೂರುವ ಉಂಗುರಗಳ) ನಡುವೆ ಹೆಡ್ಡಿನಲ್ಲಿ ಕೂದಲೆಳೆಯಂಥ ಬಿರುಕೂ ಇದೆ. ಒಬ್ಬ ಮೆಕ್ಯಾನಿಕ್ ಆರ್ಗಾನ್ ವೆಲ್ಡಿಂಗ್ ಸಾಕು ಎನ್ನುತ್ತಾರೆ, ಇನ್ನೊಬ್ಬರು ಗುಜರಿಯಿಂದ ಹಳೇ ಹೆಡ್ ತರೋಣ ಎನ್ನುತ್ತಾರೆ, ಮೂರನೆಯವರು ಎಂಜಿನ್ನನ್ನೇ ಬದಲಿಸಿ ಎನ್ನುತ್ತಾರೆ. ಏನು ಮಾಡಲಿ?
– ಪುತ್ತೂರಿನ ಓದುಗರು

ಉತ್ತರ: ಎಂಜಿನ್ ಬದಲಿಸುವ ಮಾತು ಬಿಡಿ. ಬೇರೆ ಜಾತಿಯ ಎಂಜಿನ್ ಕೂರಿಸಿದರೆ ಆರ್‌ಟಿಓ ಅನುಮತಿ, ಆರ್‌ಸಿ ತಿದ್ದುಪಡಿ ಎಂದು ಅಲೆಯಬೇಕು. ಅದಕ್ಕಿಂತ ಹೆಚ್ಚಾಗಿ, ಹೆಡ್ ಕೆಟ್ಟಿತೆಂದು ಸಿಲಿಂಡರುಗಳಿರುವ ಆ 1089 ಸಿಸಿಯ ಬೀಡುಕಬ್ಬಿಣದ ಬ್ಲಾಕನ್ನು ಎಸೆಯುತ್ತಾರೆ ಎಂದರೆ ನನಗೆ ಸಂಕಟವಾಗುತ್ತದೆ.

ಉಳಿದ ಇಬ್ಬರೂ ಹೇಳಿದ್ದು ಸರಿಯಿರಬಹುದು, ಆದರೆ ಹೆಡ್ಡನ್ನು ಪರೀಕ್ಷಿಸದೆ ಹೇಳಿದ್ದಾರೆ. ಬ್ಲಾಕ್ ಬೀಡಿನದು, ಹೆಡ್ ಅಲ್ಯೂಮಿನಿಯಮ್ಮಿನದು. ಅಷ್ಟೇ ಕಾವಿಗೆ ಅಲ್ಯೂಮಿನಿಯಂ ಬೀಡಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋಲ್ಟುಗಳು ಹಿಡಿದಿಟ್ಟಿರುವುದರಿಂದ ಹಿಗ್ಗಲು ಜಾಗವಿಲ್ಲದೆ ಹೆಡ್ ಬಾಗುತ್ತದೆ, ಇಲ್ಲವೇ ಎರಡು ಸೀಟುಗಳ ನಡುವಿನ ಕಿರಿದಾದ ಜಾಗದಲ್ಲಿ ಸೀಳುತ್ತದೆ. ಬಿರುಕು ಎಷ್ಟು ಆಳಕ್ಕೆ ಇಳಿದಿದೆ ಎಂಬುದೇ ಈಗ ಮುಖ್ಯ. ಅದರ ಮೇಲೆ ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಸುಣ್ಣದಕಡ್ಡಿಯ ಪುಡಿ ಉದುರಿಸಿ. ಎಣ್ಣೆ ಮತ್ತೆ ಜಿನುಗಿ ಬಿರುಕಿನ ಪೂರ್ತಿ ಉದ್ದ ಗೆರೆಯಾಗಿ ಕಾಣುತ್ತದೆ. ಅದು ನೀರಿನ ದಾರಿಗೆ ತಲುಪಿದೆಯೇ ಎಂದು ತಿಳಿಯಲು ಪ್ರೆಶರ್ ಟೆಸ್ಟ್ ಬೇಕು: ನೀರಿನ ತೂತುಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ಹೆಡ್ಡನ್ನು ಬಿಸಿನೀರಲ್ಲಿ ಮುಳುಗಿಸುವುದು. ಬಿಸಿನೀರೇ ಆಗಬೇಕೆಂದು ಹಟ ಹಿಡಿಯಿರಿ. ತಣ್ಣೀರಲ್ಲಿ ಎಷ್ಟೋ ಬಿರುಕುಗಳು ಬಾಯಿ ಬಿಡುವುದಿಲ್ಲ.

ಹೆಚ್ಚಿನವರು ಬಿಟ್ಟುಬಿಡುವ ಪರೀಕ್ಷೆ ಇನ್ನೊಂದಿದೆ. ಅತಿಯಾಗಿ ಕಾದ ಅಲ್ಯೂಮಿನಿಯಂ ಮೆತ್ತಗಾಗುತ್ತದೆ. ಹೆಡ್ ಬೋಲ್ಟಿನ ವಾಷರ್ ಕೂತ ಜಾಗ ತಗ್ಗಾಗಿದೆಯೇ ನೋಡಿ. ಅನುಮಾನ ಬಂದರೆ ಹತ್ತಿರದ ಪಾಲಿಟೆಕ್ನಿಕ್‌ಗೆ ಒಯ್ದು ಬ್ರಿನೆಲ್ ಗಡಸುತನ ಅಳೆಸಿ. ಮೆತ್ತಗಾದ ಹೆಡ್ಡಿಗೆ ಎಂಥ ವೆಲ್ಡರ್ ಕೈ ಹಾಕಿದರೂ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ.

ಗಡಸುತನ ಉಳಿದಿದ್ದು ಬಿರುಕು ಸೀಟಿನ ಅಡಿಗೆ ನುಗ್ಗಿಲ್ಲದಿದ್ದರೆ ವೆಲ್ಡ್ ಮಾಡಿಸಿ. ಹುಬ್ಬಳ್ಳಿಯಲ್ಲಿ ಲೇತ್ ಕೆಲಸ ಮಾಡುತ್ತಿದ್ದಾಗ ಮಳೆಗಾಲದ ಒಂದು ಸಂಜೆ, ಗಿರಾಕಿಯ ಅವಸರಕ್ಕೆ ಬಿದ್ದು ಹೆಡ್ಡನ್ನು ಕಾಯಿಸದೆಯೇ ವೆಲ್ಡ್ ಮಾಡಿಸಿಕೊಟ್ಟೆ. ಹದಿನೈದು ದಿನದಲ್ಲಿ ವೆಲ್ಡಿನ ಪಕ್ಕದಲ್ಲೇ ಹೊಸ ಬಿರುಕು. ದುಡ್ಡು ಹಿಂದಿರುಗಿಸಿದೆ, ಆದರೆ ಅವರ ಹೆಡ್ಡನ್ನು ಹಿಂದಿರುಗಿಸಲು ಆಗಲಿಲ್ಲ. ಅದಕ್ಕೇ ಹೇಳುತ್ತೇನೆ: ಬಿರುಕನ್ನು ಬುಡದವರೆಗೂ ವಿ ಆಕಾರದಲ್ಲಿ ತೋಡಬೇಕು, ಜಿಡ್ಡು ಪೂರ್ತಿ ಹೋಗಬೇಕು, ಇಡೀ ಹೆಡ್ಡನ್ನು ಸುಮಾರು 200 ಡಿಗ್ರಿಗೆ ಕಾಯಿಸಿ ವೆಲ್ಡ್ ಮಾಡಿ, ಆಮೇಲೆ ಬೂದಿಯಲ್ಲಿ ಹುಗಿದು ನಿಧಾನ ಆರಿಸಬೇಕು. ನಂತರ ಫೇಸಿಂಗ್ (ಹೆಡ್ಡಿನ ಅಡಿಭಾಗವನ್ನು ಸಮತಟ್ಟಾಗಿ ಹೆರೆಯುವುದು), ಸೀಟ್ ಕಟಿಂಗ್, ಮತ್ತೊಮ್ಮೆ ಪ್ರೆಶರ್ ಟೆಸ್ಟ್. ಫೇಸಿಂಗ್ ಆದ ಮೇಲೆ ನೇರಪಟ್ಟಿ ಇಟ್ಟರೆ 0.05 ಮಿಮೀ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಎಲ್ಲೂ ತೂರಬಾರದು. ಅರ್ಧ ಗಂಟೆಯಲ್ಲಿ ಕೊಡುತ್ತೇನೆ ಎನ್ನುವವರ ಕೈಗೆ ಹೆಡ್ ಕೊಡಬೇಡಿ.

ಹೆಡ್ ಮೆತ್ತಗಾಗಿದ್ದರೆ, ಇಲ್ಲವೇ ಬಿರುಕು ಸೀಟಿನಡಿ ಹೊಕ್ಕಿದ್ದರೆ ಬೇರೆ ಹೆಡ್ ಹುಡುಕಿ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಕಡೆ ವಿಚಾರಿಸಿ. ಆದರೆ ಅದೂ ಇನ್ಯಾವುದೋ ಘಾಟಿಯಲ್ಲಿ ಕಾದು ಬಂದ ಹೆಡ್ಡೇ ಇರಬಹುದು. ಟೆಸ್ಟಿನಲ್ಲಿ ಫೇಲಾದರೆ ವಾಪಸ್ ಎಂದು ಮೊದಲೇ ಮಾತಾಡಿಕೊಳ್ಳಿ. ನಿಮ್ಮ ಹಳೆಯದನ್ನು ತೂಕಕ್ಕೆ ಹಾಕಬೇಡಿ. ಪದ್ಮಿನಿಯ ತಯಾರಿ ನಿಂತು ಎರಡು ದಶಕ ದಾಟಿದೆ, ಅದರ ರಾಕರ್ ಶಾಫ್ಟ್, ವಾಲ್ವ್ ಸ್ಪ್ರಿಂಗುಗಳು ಮುಂದೆ ಬೇಕಾಗುತ್ತವೆ.

ಇಷ್ಟಾಗಿಯೂ, ಕಾರು ಕಾದದ್ದೇಕೆ ಎಂದು ನೀವು ಬರೆದಿಲ್ಲ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುತ್ತಿದ್ದರೆ ಒಳಗೆಲ್ಲ ಸುಣ್ಣ ಕಟ್ಟಿರುತ್ತದೆ. ರೇಡಿಯೇಟರ್ ಬಿಚ್ಚಿಸಿ ತೊಳೆಸಿ, ವಾಟರ್ ಪಂಪ್ ನೋಡಿಸಿ, ಯಾರಾದರೂ ಥರ್ಮೋಸ್ಟಾಟ್ ತೆಗೆದಿದ್ದರೆ ವಾಪಸ್ ಹಾಕಿಸಿ, ಕೂಲೆಂಟ್ ತುಂಬಿಸಿ. ಹೆಡ್ ಕೂರಿಸಿ 500 ಕಿಮೀ ಓಡಿದ ಮೇಲೆ, ಎಂಜಿನ್ ತಣ್ಣಗಿರುವಾಗ, ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿ ಮಾಡಿಸಿ, ಟ್ಯಾಪೆಟ್ (ವಾಲ್ವಿನ ಸಂದು) ಸರಿಮಾಡಿಸಿ. ಅಲ್ಲಿಯತನಕ ಘಾಟಿ ಹತ್ತಿಸಬೇಡಿ.