ಟಿವಿ ಬಂತು, ಮಕ್ಕಳು ಸಿನಿಮಾ ನೋಡಿದ ಹಾಗೆ ಕೂತಿದ್ದಾರೆ ಅಂದ ಭಾಲ್ಕಿ ಮೇಡಂಗೆ

ಮೇಡಂ, ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ, ಅಷ್ಟರಲ್ಲಿ ಕರೆಂಟ್ ಹೋಯಿತು, ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಶಾಲೆಗೆ ಸ್ಮಾರ್ಟ್ ಟಿವಿ ಬಂತು, ಡಾಂಗಲ್ ಬಂತು. 8 ಮತ್ತು 9ನೇ ತರಗತಿಗೆ ದಿನಾ ಒಂದು ವಿಡಿಯೋ ಹಾಕುತ್ತೀರಿ. ಮೊದಲ ವಾರ ಚಪ್ಪಾಳೆ ಹೊಡೆದ ಮಕ್ಕಳು ಈಗ ಬಾಯಿ ಬಿಟ್ಟುಕೊಂಡು ಕೂತಿರುತ್ತಾರೆ, ಪ್ರಾಜೆಕ್ಟ್ ಬರೆದುಕೊಂಡು ಬನ್ನಿ ಅಂದರೆ ಹತ್ತು ಜನದ್ದೂ ಒಂದೇ ಪ್ಯಾರಾ. ಇದೇ ತಾನೆ ನಿಮ್ಮ ಗೋಳು? ನಿಮ್ಮ ಪ್ರಶ್ನೆಗೆ ಆಗಲೇ ಸುಮಾರು ಜನ ಉತ್ತರವಾಗಿ ಆಪ್‌ಗಳ ಹೆಸರು ಹಾಕಿದ್ದಾರೆ. ಒಳ್ಳೆಯ ಆಪ್‌ಗಳೇ. ಆದರೆ ನಿಮಗೆ ಆಪ್ ಸಿಗದೆ ತೊಂದರೆ ಆಗಿಲ್ಲ ಅಲ್ವಾ? ಮಕ್ಕಳ ತಲೆಯಲ್ಲಿ ಪ್ರಶ್ನೆ ಹುಟ್ಟುವ ಮೊದಲೇ ಟಿವಿ ಉತ್ತರ ಹೇಳಿಬಿಡುತ್ತಿದೆ. ಹಸಿವಾಗದ ಮಗುವಿಗೆ ತುತ್ತು ಇಟ್ಟರೆ ಉಗುಳುತ್ತದೆ.

ನಾನೂ ಇದನ್ನೇ ಮಾಡಿದವನು. ಚಿತ್ತಾಪುರ ತಾಲ್ಲೂಕಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಮೊದಲ ವರ್ಷ ವಿಡಿಯೋ ಹಾಕಿ ಹಾಕಿ ಪೋರ್ಷನ್ ಮುಗಿಸಿದೆ. ಸೌರಮಂಡಲದ ಬಗ್ಗೆ ಚೆಂದದ ವಿಡಿಯೋ ತೋರಿಸಿ ಮರುದಿನ "ಮಧ್ಯಾಹ್ನ 12ಕ್ಕೆ ಸೂರ್ಯ ಎಲ್ಲಿರುತ್ತಾನೆ?" ಅಂತ ಕೇಳಿದರೆ ಇಡೀ ಕ್ಲಾಸು "ನೆತ್ತಿ ಮೇಲೆ ಸರ್" ಅಂತು. ಹೊರಗೆ ಹೋಗಿ ನೋಡಿದವರು ಒಬ್ಬರೂ ಇರಲಿಲ್ಲ. ನಮ್ಮ ಕಡೆ ಬಿಸಿಲಿಗೇನು ಬರವೇ? ಟಿವಿ ಆಫ್ ಮಾಡಿ ಎಲ್ಲರನ್ನೂ ಅಂಗಳಕ್ಕೆ ಎಬ್ಬಿಸಿಕೊಂಡು ಹೋದೆ.

ಬೇಕಾದದ್ದು ಇಷ್ಟೇ. ಒಂದು ಅಡಿ ಕಬ್ಬಿಣದ ಸರಳು, ಅದನ್ನು ನಿಲ್ಲಿಸೋಕೆ ಸಿಮೆಂಟ್ ತುಂಬಿದ ಹಳೆ ಡಬ್ಬಿ, ಸೀಮೆಸುಣ್ಣ. ಸರಳು ನೆಟ್ಟಗಿದೆಯಾ ಅಂತ ದಾರಕ್ಕೆ ಕಲ್ಲು ಕಟ್ಟಿ ನೋಡಬೇಕು. ಒಬ್ಬ ಹುಡುಗನ ಅಪ್ಪ ಗೌಂಡಿ, ಅವನು ಗೋಡೆ ನೋಡುವ ಗುಂಡನ್ನೇ ಮನೆಯಿಂದ ತಂದ. ನಮ್ಮ ಅಂಗಳಕ್ಕೆ ಶಹಾಬಾದ್ ಫರ್ಸಿ ಕಲ್ಲು ಹಾಸಿದೆ, ಅದರ ಮೇಲೆ ಗೆರೆ ಚೆನ್ನಾಗಿ ಮೂಡುತ್ತದೆ. ಒಂದು ಎಚ್ಚರಿಕೆ ಹೇಳುತ್ತೇನೆ, ಇದು ಯಾವ ವಿಡಿಯೋದಲ್ಲೂ ನನಗೆ ಸಿಗಲಿಲ್ಲ. ನೆರಳು ಅತಿ ಚಿಕ್ಕದಾಗುವ ಹೊತ್ತೇ ಖರೇ ನಡುಹಗಲು, ಆದರೆ ಅದನ್ನು ನೇರವಾಗಿ ಹಿಡಿಯೋಕೆ ಹೋಗಬೇಡಿ. ಆ ಹೊತ್ತಲ್ಲಿ ನೆರಳಿನ ಉದ್ದ ಅಲ್ಲಾಡುವುದೇ ಇಲ್ಲ ಅನಿಸುತ್ತದೆ, ಹತ್ತು ನಿಮಿಷ ಆಚೀಚೆ ಆದರೂ ಗೊತ್ತಾಗುವುದಿಲ್ಲ, ಮಕ್ಕಳು ಜಗಳ ಆಡುತ್ತಾರೆ. ಅದರ ಬದಲು ಬೆಳಿಗ್ಗೆ 10:45ಕ್ಕೇ ಹೋಗಿ, ಸರಳಿನ ಸುತ್ತ ದಾರ ಹಿಡಿದು ನೆರಳಿಗಿಂತ ಸ್ವಲ್ಪ ಚಿಕ್ಕ ವೃತ್ತ ಎಳೆಯಿರಿ. ನೆರಳಿನ ತುದಿ ಕುಗ್ಗುತ್ತಾ ವೃತ್ತವನ್ನು ಮುಟ್ಟಿದ ಹೊತ್ತು ಬರೆದುಕೊಳ್ಳಿ. ಮಧ್ಯಾಹ್ನ ಅದು ಬೆಳೆಯುತ್ತಾ ಮತ್ತೆ ವೃತ್ತವನ್ನು ಮುಟ್ಟಿದ ಹೊತ್ತೂ ಬರೆದುಕೊಳ್ಳಿ. ಎರಡರ ನಡುವಿನ ಹೊತ್ತೇ ನಮ್ಮ ಊರಿನ ನಡುಹಗಲು. ಆ ಎರಡು ಗುರುತುಗಳನ್ನು ಗೆರೆಯಿಂದ ಸೇರಿಸಿದರೆ ಪೂರ್ವ-ಪಶ್ಚಿಮ ಪುಕ್ಕಟೆ ಸಿಗುತ್ತದೆ.

ನವೆಂಬರ್ ಮೊದಲ ವಾರದಲ್ಲಿ ನಮಗೆ 10:50 ಮತ್ತು 1:20 ಬಂತು. ನಡು 12:05. ಸರಿ ಅಂದುಕೊಂಡೆವು, ಐದು ನಿಮಿಷ ಗಡಿಯಾರದ ತಪ್ಪು ಇರಬಹುದು ಅಂತ ಬಿಟ್ಟೆವು. ಫೆಬ್ರವರಿ ಎರಡನೇ ವಾರದಲ್ಲಿ ಮತ್ತೆ ಮಾಡಿದರೆ 12:36! ಅರ್ಧ ಗಂಟೆ ಜರುಗಿದೆ. ಒಂಬತ್ತನೇ ತರಗತಿ ಹುಡುಗಿಯೊಬ್ಬಳು, ಕ್ಲಾಸಿನಲ್ಲಿ ಬಾಯೇ ಬಿಡದವಳು, ಗಡಿಯಾರ ನೋಡಿ ಫರ್ಸಿ ನೋಡಿ ಕೇಳಿದಳು: "ಸರ, ಹಂಗಾರ ನಮ್ಮ ಹನ್ನೆರಡು ಗಂಟಿ ಖರೇ ಹನ್ನೆರಡಲ್ಲೇನ್ರಿ?"

ಆಗ ಟಿವಿ ಹಚ್ಚಿದೆ. ಸ್ಟೆಲೇರಿಯಂ ಅಂತ ಆಕಾಶ ತೋರಿಸುವ ಉಚಿತ ತಂತ್ರಾಂಶ ಇದೆ. ಕಂಪ್ಯೂಟರಿಗೆ ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಅದರಲ್ಲಿ ನಮ್ಮ ಊರು ಹಾಕಿ, ದಿನ ಬದಲಾಯಿಸುತ್ತಾ ಸೂರ್ಯ ಆಕಾಶದ ನಡುವಿನ ಉತ್ತರ-ದಕ್ಷಿಣ ಗೆರೆ ದಾಟುವ ಹೊತ್ತು ನೋಡುತ್ತಾ ಹೋದರು. ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ಅದು ಮಿರ್ಜಾಪುರದ ಹತ್ತಿರ ಹಾಯುತ್ತದೆ. ನಾವು ಸುಮಾರು 77 ಡಿಗ್ರಿಯಲ್ಲಿದ್ದೇವೆ. ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ನಮ್ಮ ನಡುಹಗಲು ಸರಾಸರಿ 12:22ಕ್ಕೆ. ಅದರ ಮೇಲೆ ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅಕ್ಷ ಬೇರೆ ವಾಲಿದೆ, ಹಾಗಾಗಿ ವರ್ಷದಲ್ಲಿ ಅದು ಹಿಂದೆ ಮುಂದೆ ಜರುಗುತ್ತದೆ. ಇದನ್ನೇ ನಾನು ಮೊದಲು ವಿಡಿಯೋದಲ್ಲಿ ತೋರಿಸಿದ್ದರೆ ಆಕಳಿಸುತ್ತಿದ್ದರು. ಈಗ ತಮ್ಮ 12:36 ಪರದೆ ಮೇಲೂ ಬಂದಾಗ ಬೆಂಚು ಬಡಿದರು. ಪಕ್ಕದ ಕ್ಲಾಸಿನ ಅಕ್ಕೋರು ಬಂದು ಏನಾಯಿತು ಅಂತ ಕೇಳಿದರು.

ಅದೇ ಹುಡುಗಿ ಮುಂದೆ ಹಳೆ ಸಿಡಿಯಲ್ಲಿ ನೆರಳು ಗಡಿಯಾರ ಮಾಡಿದಳು. ಸಿಡಿ ನಡುವೆ ಪೆನ್ಸಿಲ್, ಪೆನ್ಸಿಲ್ ಉತ್ತರಕ್ಕೆ ಮುಖ ಮಾಡಿ ನಮ್ಮ ಊರಿನ ಅಕ್ಷಾಂಶದಷ್ಟು, ಅಂದರೆ 17 ಡಿಗ್ರಿ ಎತ್ತಿರಬೇಕು (ನಿಮಗೆ 18), ಗಂಟೆಗೆ 15 ಡಿಗ್ರಿಯಂತೆ ಗೆರೆ. ಮಾಡುವ ರೀತಿ ನೆಟ್‌ನಲ್ಲಿ ಬೇಕಾದಷ್ಟಿದೆ, ಅವಳೇ ಹುಡುಕಿದಳು. ಆದರೆ ಚಳಿಗಾಲದಲ್ಲಿ ಬಿಸಿಲು ಸಿಡಿಯ ಕೆಳಮುಖಕ್ಕೆ ಬೀಳುತ್ತದೆ, ಅಲ್ಲೂ ಅಂಕಿ ಬರೆಯಬೇಕು, ಅದೂ ತಿರುವುಮುರುವಾಗಿ, ಅನ್ನುವುದು ಅವಳಿಗೆ ಹೊಳೆದದ್ದು ಸಿಡಿ ಕೈಯಲ್ಲಿ ಹಿಡಿದು ನಿಂತಾಗಲೇ.

ನಡುಹಗಲಿಗೆ ಸೂರ್ಯ ನೇರ ನೆತ್ತಿ ಮೇಲೆ ಬಂದು ಸರಳಿಗೆ ನೆರಳೇ ಇಲ್ಲದ ಶೂನ್ಯ ನೆರಳಿನ ದಿನ ನಿಮಗೆ ಭಾಲ್ಕಿಯಲ್ಲಿ ಮೇ 12ರ ಹತ್ತಿರ ಬರುತ್ತದೆ, ಆಗ ರಜೆ. ಇನ್ನೊಂದು ಆಗಸ್ಟ್ ಶುರುವಿನಲ್ಲಿ, ನಮಗಿಂತ ಮೂರ್ನಾಲ್ಕು ದಿನ ಮೊದಲು. ಆಗ ಮೋಡ. ಮೂರು ವರ್ಷದಲ್ಲಿ ನಮಗೆ ಒಮ್ಮೆ ಸಿಕ್ಕಿದೆ. ಅದಕ್ಕೇ ಜೋತು ಬೀಳಬೇಡಿ. ಮೈಸೂರು ಕಡೆಯ ಒಂದು ಶಾಲೆ ಜೊತೆ ಒಂದೇ ದಿನ ನೆರಳು ಅಳೆದು, ವಿಡಿಯೋ ಕಾಲ್‌ನಲ್ಲಿ ಲೆಕ್ಕ ಹಂಚಿಕೊಂಡು ಭೂಮಿಯ ಸುತ್ತಳತೆ ತೆಗೆದೆವು. ಅವರಿಗೂ ನಮಗೂ ಅಕ್ಷಾಂಶದಲ್ಲಿ ಹೆಚ್ಚು ಕಡಿಮೆ 5 ಡಿಗ್ರಿ ವ್ಯತ್ಯಾಸ, ನೇರ ಉತ್ತರ-ದಕ್ಷಿಣ ಅಂತರ ಸುಮಾರು 530 ಕಿಲೋಮೀಟರ್. ಮಕ್ಕಳ ಅಳತೆಯಲ್ಲಿ ಕೋನ ಸ್ವಲ್ಪ ಕಡಿಮೆ ಬಂದದ್ದರಿಂದ ಸುತ್ತಳತೆ 43 ಸಾವಿರ ಕಿಲೋಮೀಟರ್ ಬಂತು, ಇರುವುದು 40 ಸಾವಿರ. ಸರಳು ಮತ್ತು ಸೀಮೆಸುಣ್ಣಕ್ಕೆ ಸಾಕು ಬಿಡಿ.

ಈಗ ನಿಮ್ಮ ಒಂದೇ ಪ್ಯಾರಾ ಸಮಸ್ಯೆ. ನೆಟ್‌ನಲ್ಲಿ ಉತ್ತರ ಸಿಗುವ ಪ್ರಶ್ನೆ ಕೊಟ್ಟರೆ ಯಾರಾದರೂ ನಕಲು ಮಾಡಿಯೇ ಮಾಡುತ್ತಾರೆ, ನಾನಾದರೂ ಮಾಡುತ್ತೇನೆ. "ನೀರಿನ ಮಹತ್ವ" ಬೇಡ. "ನಿಮ್ಮ ಓಣಿಯ ಬಾವಿಗೆ ಎಷ್ಟು ಮೆಟ್ಟಿಲು, ಕಡೆಯ ಸಲ ಯಾರು ನೀರು ಸೇದಿದ್ದು" ಅಂತ ಕೇಳಿ. ಇದಕ್ಕೆ ಗೂಗಲ್ ಬಳಿ ಉತ್ತರ ಇಲ್ಲ, ಅಜ್ಜಿ ಬಳಿ ಇದೆ. ಫೋನಿನಲ್ಲಿ ಅಜ್ಜಿಯ ಮಾತು ರೆಕಾರ್ಡ್ ಮಾಡಿಕೊಂಡು ಬರಲಿ, ಮೊದಲು ಅಜ್ಜಿಯ ಒಪ್ಪಿಗೆ ಕೇಳಿ ಅಂತ ಹೇಳಿ. ಅಡಾಸಿಟಿ ಅನ್ನುವ ಉಚಿತ ತಂತ್ರಾಂಶದಲ್ಲಿ ಕತ್ತರಿಸಿ ಜೋಡಿಸಲಿ. ನಮ್ಮ ಒಬ್ಬ ಹುಡುಗ ತಾನು ರೆಕಾರ್ಡ್ ಮಾಡಿದ ಬೀಸುವ ಪದದ ಕೊನೆಗೆ ಬಂದ ಆಡಿನ ಕೂಗನ್ನು ತೆಗೆಯಲೇ ಇಲ್ಲ, ಅದು ಇದ್ದರೇ ಚೆಂದ ಅಂದ. ಅವನ ಮಾತು ಖರೆ ಇತ್ತು. ಹಾಗೇ, ಈಗ ಮಾತಾಡುವ ಚಾಟ್‌ಬಾಟ್‌ಗಳು ಬಂದಿವೆ ಅಲ್ವಾ? ನಿಮ್ಮ ಹಳ್ಳಿಯ ಬಗ್ಗೆ ಬರೆಯಲು ಅದಕ್ಕೆ ಹೇಳಿ, ಬಂದದ್ದನ್ನು ಪ್ರಿಂಟ್ ತೆಗೆದು ಕೆಂಪು ಪೆನ್ನು ಮಕ್ಕಳ ಕೈಗೆ ಕೊಡಿ. ಇಲ್ಲದ ನದಿ, ಇಲ್ಲದ ಗುಡಿ ಎಲ್ಲ ಬಂದಿರುತ್ತದೆ. ತಪ್ಪು ಹಿಡಿಯುವುದರಲ್ಲಿ ಮಕ್ಕಳನ್ನು ಮೀರಿಸುವವರಿಲ್ಲ.

ಸಮಾಜ ವಿಜ್ಞಾನದವರಿಗೂ ಒಂದು. ನಮ್ಮ ತಾಲ್ಲೂಕಿನ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ಸ್ತೂಪ ಸಿಕ್ಕಿದೆ, ಅಲ್ಲಿನ ಒಂದು ಕಲ್ಲಿನಲ್ಲಿ ಅಶೋಕನ ಚಿತ್ರ ಕೆತ್ತಿ ಬ್ರಾಹ್ಮಿಯಲ್ಲಿ "ರಾಯೋ ಅಸೋಕೋ" ಅಂತ ಹೆಸರೂ ಬರೆದಿದ್ದಾರೆ. ಆ ಕಲ್ಲಿನ ಫೋಟೋ ನೆಟ್‌ನಲ್ಲಿದೆ, ಬ್ರಾಹ್ಮಿ ಅಕ್ಷರಮಾಲೆಯೂ ಇದೆ. ಅರ್ಥ ಹೇಳಬೇಡಿ. ಫೋಟೋ ಒಂದು ಕಡೆ, ಅಕ್ಷರಮಾಲೆ ಒಂದು ಕಡೆ ಹಾಕಿ ಸುಮ್ನೆ ಕೂತುಬಿಡಿ. ಐದೇ ಅಕ್ಷರ. ಬ್ರಾಹ್ಮಿಯ ಕ ಅಂದರೆ ಗಣಿತದ ಕೂಡುವ ಚಿಹ್ನೆಯೇ, ಅದು ಬೇಗ ಸಿಗುತ್ತದೆ. ಓದಿದ ಮೇಲೆ ಎಲ್ಲರೂ ತಮ್ಮ ಹೆಸರು ಬ್ರಾಹ್ಮಿಯಲ್ಲಿ ಬರೆಯಲು ಶುರು ಮಾಡಿದರು, ಒಂದು ತಿಂಗಳು ನೋಟ್‌ಬುಕ್ಕಿನ ರಟ್ಟಿನ ಮೇಲೆಲ್ಲ ಅದೇ. ಇಬ್ಬರು ಗೆಳತಿಯರು ಚೀಟಿ ಬರೆದುಕೊಳ್ಳುತ್ತಿದ್ದರು, ನನಗೆ ಓದಲು ಬರುವುದಿಲ್ಲ ಅಂದುಕೊಂಡು. ಠ ಅಕ್ಷರ ಬ್ರಾಹ್ಮಿಯಲ್ಲೂ ದುಂಡಗೇ ಇದೆ, ಈಗಲೂ ದುಂಡಗೇ ಇದೆ ಅಂತ ಕಂಡುಹಿಡಿದವನು ಕನ್ನಡದಲ್ಲಿ ಎರಡು ಸಲ ಫೇಲಾದ ಹುಡುಗ.

ನಿಮ್ಮ ಜಿಲ್ಲೆಗಾದರೆ ಬಿದ್ರಿ, ಅಂದರೆ ಕಪ್ಪು ಪಾತ್ರೆ ಮೇಲೆ ಬೆಳ್ಳಿ ಕೂರಿಸುವ ಕುಸುರಿ ಕೆಲಸ, ಹಿಡಿಯಿರಿ. ಬೀದರಿಗೆ ಹೋದವರು ಯಾರಾದರೂ ಚೌಬಾರದ ಕಡೆ ಬಿದ್ರಿ ಕೆಲಸದ ಒಂದು ಹೂವಿನ ಫೋಟೋ ತರಲಿ. ಸ್ಕ್ರ್ಯಾಚ್ ಗೊತ್ತಲ್ವಾ, ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವುದು, ಅಮೆರಿಕದ ಎಂಐಟಿಯವರು 2007ರಲ್ಲಿ ಬಿಟ್ಟದ್ದು, ಉಚಿತ, ನೆಟ್ ಇಲ್ಲದೆ ನಡೆಯುವ ಆವೃತ್ತಿಯೂ ಇದೆ. ಅದರಲ್ಲಿ ಪೆನ್ ಅಂತ ಒಂದು ಸೌಲಭ್ಯ ಇದೆ. ಒಂದು ಎಸಳು ಬರೆ, 60 ಡಿಗ್ರಿ ತಿರುಗು, ಹೀಗೆ 6 ಸಲ. ಹೂವು ತಯಾರು. 8 ಎಸಳಿಗೆ 45. ಆಮೇಲೆ ಯಾರಾದರೂ 7 ಎಸಳು ಬೇಕು ಅಂತಾರೆ, ಆಗ 360ನ್ನು 7ರಿಂದ ಭಾಗಿಸಿ ಒದ್ದಾಡುತ್ತಾರೆ, ಒದ್ದಾಡಲಿ. ಸತು-ತಾಮ್ರದ ಆ ಪಾತ್ರೆಯನ್ನು ಕಪ್ಪಗೆ ಮಾಡೋಕೆ ಕೋಟೆಯ ಮಣ್ಣೇ ಏಕೆ ಬೇಕು ಅನ್ನುವುದು ನಿಮ್ಮ ರಸಾಯನಶಾಸ್ತ್ರದ ಪಾಠಕ್ಕೆ. ನಮ್ಮಲ್ಲಿ ಸ್ಕ್ರ್ಯಾಚಿನಲ್ಲಿ ತೊಗರಿ ಆಟ ಮಾಡಿದ್ದಾರೆ: ಗಿಡ ಅಲ್ಲಾಡಿಸಿದರೆ ಹುಳ ಉದುರಬೇಕು, ಕೆಳಗೆ ಹಾಸಿದ ಸೀರೆ ಮೇಲೆ ಬಿದ್ದರೆ ಅಂಕ, ಹೊರಗೆ ಬಿದ್ದರೆ ಮತ್ತೆ ಗಿಡ ಹತ್ತುತ್ತದೆ. ಹೊಲದಲ್ಲಿ ಅವರೇ ಮಾಡುವ ಕೆಲಸ ಅದು.

ಮಿಕ್ಕಿದ್ದು ಚುಟುಕಾಗಿ. ವಿದ್ಯುತ್ ಮಂಡಲದ ಪಾಠಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯದ, ಪರದೆ ಮೇಲೆಯೇ ಮಾಡಿ ನೋಡುವ ಫೆಟ್ ಪ್ರಯೋಗಗಳು ಚೆನ್ನಾಗಿವೆ, ಹಲವು ಕನ್ನಡದಲ್ಲೂ ಇವೆ. ತಂತಿ ತಪ್ಪಾಗಿ ಜೋಡಿಸಿದರೆ ಪರದೆ ಮೇಲೆ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಒಂದು ಪಿರಿಯಡ್ ಪೂರ್ತಿ ಬೆಂಕಿ ಹಚ್ಚುವುದರಲ್ಲೇ ಹೋಗುತ್ತದೆ, ಬೈಯಬೇಡಿ, ಎರಡನೇ ದಿನ ಕಲಿಯುತ್ತಾರೆ. ಕಸದಿಂದ ಆಟಿಕೆ ಮಾಡೋಕೆ ಅರವಿಂದ ಗುಪ್ತಾ ಅವರ ಜಾಲತಾಣ, ಅಲ್ಲಿ ಕನ್ನಡ ಪುಸ್ತಕಗಳೂ ಸಿಗುತ್ತವೆ. ಪಠ್ಯಪುಸ್ತಕದ ಕ್ಯುಆರ್ ಕೋಡ್ ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾಗೆ ಹೋಗುತ್ತದೆ, ಅದು ಪುನರಾವರ್ತನೆಗೆ ಸರಿ, ಹೊಸತು ಹುಟ್ಟಿಸೋಕೆ ಅಲ್ಲ.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಒಮ್ಮೆ ಗುಂಪಿಗೊಂದು ಫೋನ್ ಕೊಟ್ಟು ಆಫೀಸ್ ಕೆಲಸಕ್ಕೆ ಹೋದೆ, ಬರುವಷ್ಟರಲ್ಲಿ ಐದು ಫೋನಿನಲ್ಲೂ ರೀಲ್ಸ್. ಈಗ ಇಡೀ ಕ್ಲಾಸಿಗೆ ಒಂದೇ ಫೋನ್, ಅದಕ್ಕೆ ಒಬ್ಬ ಕಾರಭಾರಿ, ವಾರಕ್ಕೊಮ್ಮೆ ಬದಲು. ಹುಡುಗಿಯರಿಗೆ ಸಮಪಾಲು ಬರುತ್ತಿದೆಯಾ ಅಂತ ನೀವೇ ನೋಡಬೇಕು, ಇಲ್ಲದಿದ್ದರೆ ಮೌಸ್ ಹುಡುಗರ ಕೈಯಲ್ಲೇ ಉಳಿಯುತ್ತದೆ. ಮಕ್ಕಳ ಮುಖ, ಹೆಸರು ಎಲ್ಲೂ ಹಾಕಬೇಡಿ, ಮಾಡಿದ ವಸ್ತುವಿನ ಫೋಟೋ ಸಾಕು. ನಿಮಗೆ ಉತ್ತರ ಬರೆದವರಲ್ಲಿ ಒಬ್ಬರು ಸ್ಪರ್ಧೆ ಇಡಿ, ಪ್ರೈಜ್ ಕೊಡಿ ಅಂದಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಪ್ರೈಜ್ ಬಂದ ಮೇಲೆ ಅಪ್ಪಂದಿರು ಮಾಡಿಕೊಡಲು ಶುರು ಮಾಡುತ್ತಾರೆ.

ನೆಟ್ ಕೈಕೊಡುತ್ತದೆ ಅಂದಿದ್ದೀರಿ, ನಮ್ಮಲ್ಲೂ ಅಷ್ಟೇ. ಸ್ಟೆಲೇರಿಯಂ, ಸ್ಕ್ರ್ಯಾಚ್, ಅಡಾಸಿಟಿ, ಫೆಟ್‌ನ ಇಪ್ಪತ್ತು ಪ್ರಯೋಗ, ಆ ಕಲ್ಲಿನ ಫೋಟೋ, ಬ್ರಾಹ್ಮಿ ಅಕ್ಷರಮಾಲೆ ಎಲ್ಲ ಒಂದು ಪೆನ್ ಡ್ರೈವಿನಲ್ಲಿ ತುಂಬಿ ಇಟ್ಟಿದ್ದೇನೆ. ನಿಮ್ಮ ಕಡೆಯಿಂದ ಕಲಬುರಗಿಗೆ ಯಾರಾದರೂ ಬರುವವರಿದ್ದರೆ ಹೇಳಿ, ಹಾಕಿ ಕೊಡುತ್ತೇನೆ. 16 ಜಿಬಿಯದು ಸಾಕು. ಖಾಲಿ ಮಾಡಿ ಕಳಿಸಿ ಮಾತ್ರ, ಹೋದ ಸಲ ಒಬ್ಬರು ಮಗಳ ಮದುವೆ ಫೋಟೋ ಸಮೇತ ಕೊಟ್ಟು, ಜೊತೆಗೆ ಬಂದ ವೈರಸ್ ತೆಗೆಯಲು ನನಗೆ ಎರಡು ಭಾನುವಾರ ಹಿಡಿಯಿತು.