ಇಆರ್‌ಜಿ11ರಲ್ಲಿ ಮ್ಯುಟೇಶನ್ ಸಿಗಲಿಲ್ಲ, ಮುಂದೆ ಯಾವ ಜೀನ್ ನೋಡಲಿ?

ಫ್ಲುಕೊನಜೋಲ್ ಅನ್ನೋ ಶಿಲೀಂಧ್ರನಾಶಕ ಔಷಧಕ್ಕೆ ಬಗ್ಗದ ಕ್ಯಾಂಡಿಡಾ ಅಲ್ಬಿಕನ್ಸ್ ಅನ್ನೋ ಯೀಸ್ಟ್, ಇಆರ್‌ಜಿ11 ಸೀಕ್ವೆನ್ಸ್ ಮಾಡಿಸಿದರೆ ಏನೂ ಇಲ್ಲ, ಈಗ ಸಿಡಿಆರ್1 ನೋಡಲಾ, ಎಂಡಿಆರ್1 ನೋಡಲಾ ಅಂತ ಕೇಳಿದ್ದೀರಿ. ಬೆಂಗಳೂರಿನಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುವಾಗ ನಾನೂ ಸರಿಯಾಗಿ ಇಲ್ಲೇ ಸಿಕ್ಕಿಕೊಂಡಿದ್ದೆ.

ನನ್ನ ಸ್ಟ್ರೇನ್ ಬಂದದ್ದು ಒಬ್ಬ ರೋಗಿಯ ಬಾಯಿಯಿಂದ. ಮೊದಲ ಸಲ ಫ್ಲುಕೊನಜೋಲ್ ತುಂಬಿದ ಕಾಗದದ ಡಿಸ್ಕ್ ಇಟ್ಟಾಗ ಡಿಸ್ಕ್‌ನ ಅಂಚಿನವರೆಗೂ ದಟ್ಟವಾಗಿ ಬೆಳೆದಿತ್ತು. ಇಆರ್‌ಜಿ11 ಕ್ಲೀನ್ ಇದೆ, ಅಂದರೆ ಔಷಧ ಹೋಗಿ ಕೂರುವ ಕಿಣ್ವ ಬದಲಾಗಿಲ್ಲ, ಹಾಗಾದರೆ ಪಂಪೇ ಇರಬೇಕು ಅಂದುಕೊಂಡೆ. ಸಿಡಿಆರ್1 ಅನ್ನೋದು ಮಳೆಗಾಲದಲ್ಲಿ ಬೇಸ್‌ಮೆಂಟ್‌ಗೆ ನುಗ್ಗಿದ ನೀರನ್ನು ಎತ್ತಿ ರಸ್ತೆಗೆ ಹಾಕುವ ಮೋಟರ್ ಇದ್ದ ಹಾಗೆ, ಔಷಧವನ್ನು ಕೋಶದಿಂದ ಹೊರಗೆ ತಳ್ಳುತ್ತದೆ. ಅದರ ಸ್ವಿಚ್ ಟ್ಯಾಕ್1 ಅನ್ನೋ ಜೀನ್. ಎಂಡಿಆರ್1 ಕೂಡ ಇಂಥದೇ ಪಂಪ್, ಅದರ ಸ್ವಿಚ್ ಎಂಆರ್‌ಆರ್1. ಸ್ವಿಚ್ ಕೆಟ್ಟು ಆನ್‌ನಲ್ಲೇ ನಿಂತರೆ ಪಂಪ್ ಓಡುತ್ತಲೇ ಇರುತ್ತದೆ.

ಪಂಪಿನ ಜೀನ್ ಎಷ್ಟು ಓಡುತ್ತಿದೆ ಅಂತ ನೋಡಲು ಆರ್‌ಎನ್‌ಎ ತೆಗೆದು ಕ್ಯೂಪಿಸಿಆರ್ (ಪ್ರಮಾಣ ಅಳೆಯುವ ಪಿಸಿಆರ್) ಮಾಡಿದೆ. ಸಿಡಿಆರ್1 ಒಂದು ಸಲ ಜಾಸ್ತಿ, ಇನ್ನೊಂದು ಸಲ ಮಾಮೂಲಿ. ಪ್ರೈಮರ್ ಬದಲಿಸಿದೆ, ಕಿಟ್ ಬದಲಿಸಿದೆ. ಸೆಮಿಸ್ಟರ್ ಮುಗಿಯುತ್ತಾ ಬಂತು.

ತಪ್ಪು ಇದ್ದದ್ದು ಪ್ಲೇಟಿನಲ್ಲಿ. ಮೈನಸ್ 80 ಫ್ರೀಜರ್ ಬೇರೆ ವಿಭಾಗದಲ್ಲಿತ್ತು. ಕರೆಂಟ್ ಹೋಗಿ ಬರುವ ಬೇಸಿಗೆಯಲ್ಲಿ ಅದರ ಬಾಗಿಲು ತೆಗೆಯಲು ಯಾರೂ ಒಪ್ಪುತ್ತಿರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಅದರಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಮೂಲ ಸ್ಟ್ರೇನ್, ಅಂದರೆ ಗ್ಲಿಸರಾಲ್ ಸ್ಟಾಕ್ ಬಿಟ್ಟು, ಹಳೇ ಪ್ಲೇಟಿನಿಂದ ಹೊಸ ಪ್ಲೇಟಿಗೆ ಸ್ಟ್ರೀಕ್ ಮಾಡುತ್ತಾ ಹೋದೆ. ಅದೂ ಔಷಧವೇ ಇಲ್ಲದ ವೈಪಿಡಿ (ಯೀಸ್ಟ್ ಬೆಳೆಸುವ ಮಾಮೂಲಿ ಆಹಾರ) ಪ್ಲೇಟು. ಕೊನೆಗೆ ಸ್ಟಾಕ್ ತಂದು, ನನ್ನ ಪ್ಲೇಟಿನ ಕಾಲೊನಿಯ ಪಕ್ಕದಲ್ಲೇ ಡಿಸ್ಕ್ ಹಾಕಿ ನೋಡಿದೆ. ಸ್ಟಾಕ್‌ನದ್ದು ಅಂಚಿನವರೆಗೂ ಬೆಳೆದಿತ್ತು. ನನ್ನದರ ಡಿಸ್ಕ್ ಸುತ್ತ ಅಗಲವಾದ ಖಾಲಿ ಉಂಗುರ. ನಾನು ಅಷ್ಟೂ ದಿನ ಆರ್‌ಎನ್‌ಎ ತೆಗೆದದ್ದು ನಿರೋಧಕತೆ ಕಳೆದುಕೊಳ್ಳುತ್ತಿದ್ದ ಕೋಶಗಳಿಂದ.

ಕಾರಣ ಕ್ರೋಮೋಸೋಮ್. ಅಲ್ಬಿಕನ್ಸ್‌ನಲ್ಲಿ ಇರುವುದು 8 ಜೋಡಿ. 5ನೆಯದರ ಎಡತೋಳು ಎರಡು ಸೇರಿಕೊಂಡು ಒಂದು ಹೆಚ್ಚುವರಿ ಕ್ರೋಮೋಸೋಮ್ ಆಗುವುದುಂಟು, ಐಸೋಕ್ರೋಮೋಸೋಮ್ ಅಂತಾರೆ. ಸೆಲ್ಮೆಕಿ, ಫೋರ್ಷ್, ಬರ್ಮನ್ ಅನ್ನೋ ಸಂಶೋಧಕರು 2006ರಲ್ಲಿ ಇದನ್ನು ನಿರೋಧಕ ಸ್ಟ್ರೇನ್‌ಗಳಲ್ಲಿ ತೋರಿಸಿದರು. ಆ ಎಡತೋಳಿನಲ್ಲೇ ಇಆರ್‌ಜಿ11 ಇದೆ, ಟ್ಯಾಕ್1 ಕೂಡ ಇದೆ. ಔಷಧ ಇರುವಾಗ ಇದರಿಂದ ಲಾಭ. ಔಷಧ ಇಲ್ಲದಾಗ ಅದು ಹೊರೆ, ಅದನ್ನು ಕಳೆದುಕೊಂಡ ಕೋಶಗಳೇ ಮುಂದೆ ಹೋಗುತ್ತವೆ. ಸ್ಟಾಕ್‌ನಿಂದ ತೆಗೆದ ಡಿಎನ್‌ಎಯಲ್ಲಿ ಎಡತೋಳು ಜಾಸ್ತಿ ಇತ್ತು, ನನ್ನ ಪ್ಲೇಟಿನಲ್ಲಿ ಇರಲಿಲ್ಲ.

ಹಾಗಾಗಿ ಸಿಡಿಆರ್1ಆ, ಎಂಡಿಆರ್1ಆ ಅನ್ನೋ ಪ್ರಶ್ನೆಯನ್ನೇ ಸದ್ಯಕ್ಕೆ ಬಿಡಿ. ಇಆರ್‌ಜಿ11 ಕ್ಲೀನ್ ಅಂತ ಬಂದ ರಿಪೋರ್ಟ್ ಅಕ್ಷರಗಳನ್ನು ಮಾತ್ರ ಹೇಳುತ್ತದೆ, ಎಷ್ಟು ಪ್ರತಿ ಇವೆ ಅಂತ ಹೇಳುವುದಿಲ್ಲ. ಗೈಡ್ ಹತ್ತಿರ ಹೋಗಿ ಮೂಲ ಸ್ಟಾಕ್ ತೆಗೆಸಿ, ಈ ವಿಷಯದಲ್ಲಿ ಸಂಕೋಚ ಬೇಡ. ಯಾವ ಕಲ್ಚರ್‌ನಿಂದ ಡಿಎನ್‌ಎ ತೆಗೆಯುತ್ತೀರೋ ಅದೇ ಕಲ್ಚರ್‌ನ ಎಂಐಸಿಯನ್ನೂ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಔಷಧ ಪ್ರಮಾಣ) ನೋಡಿ. ಆಮೇಲೆ 5ರ ಎಡತೋಳಿನ ಒಂದು ಜೀನ್, ಬಲತೋಳಿನ ಒಂದು ಜೀನ್, ಹೋಲಿಕೆಗೆ 1ನೇ ಕ್ರೋಮೋಸೋಮ್‌ನ ಆಕ್ಟಿನ್ ಜೀನ್ ಇಟ್ಟುಕೊಂಡು ಡಿಎನ್‌ಎ ಮೇಲೇ ಕ್ಯೂಪಿಸಿಆರ್ ಮಾಡಿ. ಆರ್‌ಎನ್‌ಎ ಸೀಕ್ವೆನ್ಸಿಂಗ್‌ಗೆ ಈಗಲೇ ದುಡ್ಡು ಸುರಿಯಬೇಡಿ.

ಪ್ರತಿಗಳ ಸಂಖ್ಯೆ ಸರಿಯಾಗಿದ್ದರೆ ಮಾತ್ರ ಟ್ಯಾಕ್1, ಎಂಆರ್‌ಆರ್1 ಸೀಕ್ವೆನ್ಸ್ ಮಾಡಿಸಿ. ಕ್ರೊಮ್ಯಾಟೋಗ್ರಾಮ್ ಫೈಲನ್ನು (ಸೀಕ್ವೆನ್ಸಿಂಗ್ ಯಂತ್ರ ಕೊಡುವ ಪೀಕ್‌ಗಳ ಗ್ರಾಫ್) ನೀವೇ ತೆರೆದು ನೋಡಿ. ಒಂದೇ ಜಾಗದಲ್ಲಿ ಎರಡು ಪೀಕ್ ಇದ್ದರೆ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಬದಲಾಗಿದೆ ಅಂತ. ಕಂಪನಿಯವರು ಕಳಿಸುವ ಬರೀ ಅಕ್ಷರಗಳ ಫೈಲಿನಲ್ಲಿ ಅದು ಎಷ್ಟೋ ಸಲ ಕಾಣಿಸುವುದೇ ಇಲ್ಲ.